ಬಾಡಿಗೆಗೆ ಕೊಟ್ಟ ಗಂಟಲು

ಮೈಕಣ್ಣನಿಗೆ ಎರಡು ಕಣ್ಣೂ ಸರಿಯಾಗಿಯೇ ಇದ್ದವು. ಊರು ಮಾತ್ರ ಅವನನ್ನು ಕಂಡದ್ದು ಕಿವಿಯಿಂದ. ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟವಿರಲಿ, ತಪ್ಪಿಸಿಕೊಂಡ ನಾಯಿಯಿರಲಿ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ಶುಭವಾರ್ತೆಯಿರಲಿ, ಗಾಡಿಯ ನೆತ್ತಿಯ ಮೇಲಿನ ಲೌಡ್‌ಸ್ಪೀಕರಿನಿಂದ ಬೀದಿಬೀದಿ ಸುತ್ತುತ್ತಿದ್ದುದು ಅವನ ದನಿ. ಎದುರಿಗೆ ಬಂದರೆ ಗುರುತು ಹಿಡಿಯದವರು, ಬೆನ್ನ ಹಿಂದೆ ಅವನು ಒಂದು ಸಲ ಕೆಮ್ಮಿದರೆ ಸಾಕು, ತಿರುಗಿ ನೋಡುತ್ತಿದ್ದರು. ತರಕಾರಿಯವಳ ಹತ್ತಿರ ಹೋಗಿ "ಬೀನ್ಸ್ ಹೇಗೆ?" ಎಂದರೆ ಅವಳು ತಕ್ಕಡಿ ಕೆಳಗಿಟ್ಟು, "ಅಯ್ಯೋ ನೀವಾ! ಬೀನ್ಸ್ ಇರ್ಲಿ, ನಾಳೆ ನೀರು ಬರುತ್ತೋ ಇಲ್ವೋ ಹೇಳಿ" ಎನ್ನುತ್ತಿದ್ದಳು.

ಅವನ ಸ್ಟುಡಿಯೊ ಎಂದರೆ ಮನೆಯ ಮೆಟ್ಟಿಲ ಕೆಳಗಿನ ಕೋಣೆ. ಒಂದು ಕಡೆ ನಿಂತರೆ ನೆತ್ತಿ ತಾಗುತ್ತದೆ, ಇನ್ನೊಂದು ಕಡೆ ಕೂತರೂ ತಾಗುತ್ತದೆ. ದನಿ ಗೋಡೆಗೆ ಬಡಿದು ಮರಳಿ ಬರಬಾರದೆಂದು ಸುತ್ತ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದ. ಬಾಗಿಲಿಗೆ ಹಳೆಯ ಕಂಬಳಿ. ರೆಕಾರ್ಡಿಂಗ್ ಹೊತ್ತಿನಲ್ಲಿ ಫ್ಯಾನ್ ನಿಲ್ಲಿಸಬೇಕು, ಇಲ್ಲದಿದ್ದರೆ ರಿಯಾಯಿತಿ ಮಾರಾಟದ ಹಿಂದೆ ಹೆಲಿಕಾಪ್ಟರ್ ಹಾರಿದ ಹಾಗೆ ಕೇಳಿಸುತ್ತದೆ. ಬೆವರು ಸುರಿಸಿ ದುಡಿಯುತ್ತೇನೆ ಎಂದು ಅವನು ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

"ಇಷ್ಟು ಟ್ರೇ ಮಧ್ಯೆ ಇಷ್ಟು ವರ್ಷ ಕಾವು ಕೂತಿದ್ದೀರಿ, ಒಂದು ಮರೀನೂ ಹೊರಗೆ ಬರ್ಲಿಲ್ಲ" ಎಂದು ಹೆಂಡತಿ ಆಗಾಗ ಚುಚ್ಚುತ್ತಿದ್ದಳು. ಅವಳು ಹೇಳುತ್ತಿದ್ದುದು ದುಡ್ಡಿನ ವಿಷಯ. ಆದರೆ ಮಕ್ಕಳಿಲ್ಲದ ಮನೆಯಲ್ಲಿ ಆ ಮಾತು ಹಾಗೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಹೇಳಿದ ಮೇಲೆ ಅವಳೇ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅಂದಹಾಗೆ, ಅವಳ ದನಿ ಒಡೆದ ಮಡಕೆ. ಒಮ್ಮೆ ಬಳೆ ಅಂಗಡಿಯವನಿಗೆ ಹೆಣ್ಣು ದನಿ ಬೇಕೆಂದಾಗ ಮೈಕಣ್ಣ ಅವಳನ್ನೇ ಕೂರಿಸಿ ಓದಿಸಿದ್ದ. ಕೇಳಿದ ಅಂಗಡಿಯವನು ಬಹಳ ಮರ್ಯಾದೆಯಿಂದ, "ಅಮ್ಮನವರಿಗೆ ನೆಗಡಿ ವಾಸಿಯಾದ ಮೇಲೆ ಮಾಡೋಣ" ಎಂದು ಎದ್ದು ಹೋದವನು ಮತ್ತೆ ಬರಲಿಲ್ಲ. ನೆಗಡಿ ಇರಲೇ ಇಲ್ಲ.

ಈ ಕಸುಬಿನಲ್ಲಿ ಮೈಕಣ್ಣ ಕಲಿತಿದ್ದ ಪಾಠ ಒಂದೇ: ಜನ ಮಾತು ಕೇಳುವುದಿಲ್ಲ, ದನಿ ಕೇಳುತ್ತಾರೆ. ಅದಕ್ಕೆ ಅವನ ಹತ್ತಿರ ಸಾಕ್ಷಿಯೂ ಇತ್ತು. ಒಂದು ಸಲ ನೀರಿನ ಇಲಾಖೆಯವರು ಅಪರೂಪಕ್ಕೆ "ನಾಳೆ ಎಂದಿನಂತೆ ನೀರು ಬರುತ್ತದೆ" ಎಂದು ಸಾರಿಸಿದರು. ಮೈಕಣ್ಣ ರೂಢಿಬಲದಿಂದ ಅದನ್ನೂ ತನ್ನ ಎಂದಿನ ಶೋಕದ ದನಿಯಲ್ಲಿಯೇ ಓದಿಬಿಟ್ಟ. ಸಂಜೆಯಾಗುವಷ್ಟರಲ್ಲಿ ಇಡೀ ಬಡಾವಣೆ ಬಕೆಟ್ಟು, ಡ್ರಮ್ಮು, ಮಕ್ಕಳ ಸ್ನಾನದ ಟಬ್ಬು ಎಲ್ಲವನ್ನೂ ತುಂಬಿಸಿಟ್ಟುಕೊಂಡು ಇಲಾಖೆಗೆ ಶಾಪ ಹಾಕುತ್ತಿತ್ತು.

ದನಿಗಳಲ್ಲೆಲ್ಲ ಅವನಿಗೆ ಹೆಸರು ತಂದುಕೊಟ್ಟದ್ದು ಗುಟುಕು. ಅದು ಹುಟ್ಟಿದ್ದು ಅಕಸ್ಮಾತ್ತಾಗಿ. ಮರೆವಿನ ಕಾಯಿಲೆಯ ಮುದುಕಿಯೊಬ್ಬರು ಮನೆಯಿಂದ ಹೊರಟು ಕಾಣೆಯಾಗಿದ್ದರು; ಮಗ ಬಂದು ಪ್ರಕಟಣೆ ಮಾಡಿಸುತ್ತಿದ್ದ. ಮೈಕಣ್ಣನಿಗೆ ಗಂಟಲು ನೋವು, ಬಾಯಲ್ಲಿ ಕೆಮ್ಮಿನ ಪೆಪ್ಪರ್‌ಮಿಂಟು. "ಮನೆಯವರೆಲ್ಲ" ಎಂದಾಗ ಅದು ಜಾರಿ ಗಂಟಲಿಗೆ ಅಡ್ಡ ಸಿಕ್ಕಿತು. ಅವನು ಕಷ್ಟಪಟ್ಟು ನುಂಗಿ, ಒಡೆದ ದನಿಯಲ್ಲಿ "ದಾರಿ ಕಾಯುತ್ತಿದ್ದಾರೆ" ಎಂದು ಮುಗಿಸಿದ. ಸಾರಿ ಕೇಳಿ ಮತ್ತೆ ಓದಲು ಹೊರಟರೆ, ಎದುರಿಗೆ ಕೂತ ಮಗ ಕಣ್ಣೊರೆಸಿಕೊಳ್ಳುತ್ತ, "ಬೇಡ ಸಾರ್, ಹೀಗೇ ಇರ್ಲಿ" ಎಂದ. ಮುದುಕಿ ಅದೇ ದಿನ ಸಿಕ್ಕರು. ಅಲ್ಲಿಂದ ಮುಂದೆ ಗಿರಾಕಿಗಳು ಬಂದರೆ "ಗುಟುಕು ಸಮೇತ ಎಷ್ಟಾಗುತ್ತೆ?" ಎಂದೇ ಕೇಳುತ್ತಿದ್ದರು. ಬೇರೆಯವರು ಗುಟುಕು ಹಾಕಿ ಮನೆ ಕಳೆದುಕೊಳ್ಳುತ್ತಾರೆ. ಮೈಕಣ್ಣ ಗುಟುಕು ಹಾಕಿಯೇ ಮನೆ ನಡೆಸಿದ. ಪೆಪ್ಪರ್‌ಮಿಂಟಿನ ಅಗತ್ಯವೂ ಕ್ರಮೇಣ ಉಳಿಯಲಿಲ್ಲ. ಮೈಕು ಕೈಗೆ ಬಂದು, ಮಾತು ಸ್ವಲ್ಪ ದುಃಖದ ಕಡೆ ವಾಲಿದರೆ ಗಂಟಲು ತಾನಾಗಿಯೇ ನುಂಗುವುದನ್ನು ಕಲಿತುಬಿಟ್ಟಿತ್ತು.

ಅವನಿಗೆ ಒಬ್ಬಳು ಅಕ್ಕ. ಅಮ್ಮ ತೀರಿಕೊಂಡಾಗ ಅವನಿನ್ನೂ ಚಡ್ಡಿಯ ಹುಡುಗ. ತಾಯಿಯಾಗಿ ಸಾಕಿದವಳು ಅವಳೇ. ಆ ಸಾಕುವಿಕೆಯಲ್ಲಿ ಅವಳ ಮದುವೆಯ ವಯಸ್ಸು ಯಾವಾಗ ದಾಟಿತೆಂದು ಇಬ್ಬರೂ ಗಮನಿಸಲಿಲ್ಲ, ಅಥವಾ ಒಬ್ಬರು ಮಾತ್ರ ಗಮನಿಸಿದ್ದರು. ಹಿಂದಿನ ಬೀದಿಯಲ್ಲಿ ಅವಳ ಇಸ್ತ್ರಿ ಅಂಗಡಿ. ಕಿಟಕಿಗೆ ಹೊಂದಿಸಿದ ಉದ್ದದ ಮೇಜು, ಅದರ ಮೇಲೆ ಸುಟ್ಟ ಕಲೆಗಳ ಹೊದಿಕೆ, ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ. ಬೀದಿಯಲ್ಲಿ ಏನು ನಡೆದರೂ ಅವಳಿಗೆ ಕಾಣುತ್ತಿತ್ತು. ಹಾಗಾಗಿ ಬೀದಿಯಲ್ಲಿ ಕೈಯೊಡ್ಡುವವರ ಪಾಲಿಗೆ ಆ ಕಿಟಕಿ ಒಂದು ಚೆಕ್‌ಪೋಸ್ಟು.

ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆ ಕಾಗದ ಹಿಡಿದು, ಹೆಂಡತಿಯ ಕಿಡ್ನಿ ಹೋಗಿದೆ ಎಂದು ಬಂದವನಿಗೆ ಅವಳು, "ಅಯ್ಯೋ ಪಾಪ, ಯಾವ ಆಸ್ಪತ್ರೆ? ನಾನೂ ಬಂದು ನೋಡ್ತೀನಿ. ಇರು, ಇಸ್ತ್ರಿ ಪೆಟ್ಟಿಗೆ ಆರಿಸಿ ಬಂದೆ" ಎಂದಿದ್ದಳು. ಪೆಟ್ಟಿಗೆ ಆರುವ ಮೊದಲೇ ಅವನು ಬೀದಿ ದಾಟಿದ್ದ. ಪರ್ಸು ಕಳೆದುಹೋಯಿತು, ಊರಿಗೆ ಹೋಗಲು ಬಸ್ ಚಾರ್ಜ್ ಬೇಕು ಎಂದ ಹೆಂಗಸನ್ನು ಕೈಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೊರಟಿದ್ದಳು, ಟಿಕೆಟ್ ತಾನೇ ತೆಗೆಸಿಕೊಡಲು. ದಾರಿಯುದ್ದಕ್ಕೂ ಆ ಹೆಂಗಸಿನ ಊರು ಬದಲಾಗುತ್ತ ಹೋಯಿತಂತೆ. ಹಾಗೆಂದು ಅಕ್ಕ ಜಿಪುಣಿಯಲ್ಲ. ಪಕ್ಕದ ಮನೆಯ ಪೇಂಟರ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ, ಅವನು ಎದ್ದು ಓಡಾಡುವವರೆಗೆ ಆ ಮನೆಗೆ ಹಾಲು ಹಾಕಿಸಿದವಳು ಇವಳೇ, ಅವರು ಕೇಳಿರಲಿಲ್ಲ.

"ಕೇಳೋರ ಮುಖ ನೋಡ್ಬೇಡ ಕಣೋ" ಎಂದು ತಮ್ಮನಿಗೆ ಬಾಲ್ಯದಿಂದಲೂ ಹೇಳಿಕೊಟ್ಟಿದ್ದಳು. "ಮುಖ ಯಾರು ಬೇಕಾದ್ರೂ ಬಾಡಿಸಿಕೊಳ್ತಾರೆ. ಕಾಲು ನೋಡು. ನಿಜ ಹೇಳೋನ ಎರಡು ಕಾಲೂ ನಿನ್ನ ಕಡೆ ಇರುತ್ತೆ. ಸುಳ್ಳು ಹೇಳೋನ ಒಂದು ಕಾಲು ಆಗಲೇ ಮುಂದಿನ ಮನೆಗೆ ಹೊರಟಿರುತ್ತೆ."

ಈ ಅಕ್ಕನ ಹಲ್ಲುಗಳು ಒಂದೊಂದಾಗಿ ಹೊರಟುಹೋಗಿದ್ದವು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುವ ಸ್ಥಿತಿ. ದಂತವೈದ್ಯರು ಹೊಸ ಸೆಟ್ಟಿಗೆ ಖರ್ಚು ಹೇಳಿದ್ದರು. ಅವಳು ಬಿಸ್ಕೆಟ್ಟಿನ ಹಳೆಯ ಡಬ್ಬಿಯೊಂದರಲ್ಲಿ ಇಸ್ತ್ರಿಯ ದುಡ್ಡು ಕೂಡಿಡುತ್ತಿದ್ದಳು. "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನನಗೆ ಎರಡೂ ಇಲ್ಲ, ಡಬ್ಬಿ ಒಂದಿದೆ" ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ಡಬ್ಬಿ ಹೆಚ್ಚುಕಡಿಮೆ ತುಂಬುತ್ತ ಬಂದಿತ್ತು.

ಆ ದಿನಗಳಲ್ಲೇ ಮೈಕಣ್ಣನ ಕೋಣೆಗೆ ಬಿಳಿ ಟೀ-ಶರ್ಟಿನವನು ಬಂದದ್ದು. ಎದೆಯ ಮೇಲೆ ಎರಡು ಅಂಗೈ, ಅದರಲ್ಲೊಂದು ಕೆಂಪು ಹೃದಯ, ಕೆಳಗೆ ಯಾವುದೋ ಟ್ರಸ್ಟಿನ ಹೆಸರು. ತಲೆಗೆ ಬ್ಯಾಂಡೇಜು ಸುತ್ತಿ, ಮೂಗಿಗೆ ಟ್ಯೂಬು ಹಾಕಿದ ಮಗುವಿನ ಫೋಟೋ ತೋರಿಸಿದ. ಮೈಕಣ್ಣ ಅದನ್ನು ಅರೆಗಣ್ಣಲ್ಲಿ ನೋಡಿ ಪಕ್ಕಕ್ಕಿಟ್ಟ. ಅವನಿಗೆ ಬೇಕಾದದ್ದು ಓದುವ ಸಾಲುಗಳು.

"ಮಗು ಹೆಸರು?"

"ಹೆಸರು ಬೇಡ ಸಾರ್. ಹೆಸರು ಹೇಳಿದ್ರೆ ಜನ ಮನೆ ಎಲ್ಲಿ ಅಂತಾರೆ. 'ಈ ಕಂದಮ್ಮ' ಅಂದ್ಬಿಡಿ."

"ಆಪರೇಷನ್ ತಾರೀಖು?"

"'ಮುಂದಿನ ವಾರ' ಅನ್ನಿ, ಸಾಕು."

"ತಂದೆ ಮಾತಾಡೋ ಹಾಗೆ ಓದ್ಲಾ?"

"ಬೇಡ ಬೇಡ. ತಂದೆ ಅಂದ್ರೆ ತಂದೆ ಎಲ್ಲಿ ಅಂತಾರೆ. ಯಾರೋ ಮರುಗಿದ ಹಾಗೆ. ಆ ನಿಮ್ಮ ಗುಟುಕು ಇದೆಯಲ್ಲ, ಅದು ಎರಡು ಕಡೆ."

ಕಾಲು ನೋಡಬೇಕೆಂಬ ಅಕ್ಕನ ಪಾಠ ನೆನಪಾಗಲಿಲ್ಲ. ನೆನಪಾಗಿದ್ದರೂ ಆ ಇಕ್ಕಟ್ಟಿನಲ್ಲಿ ಟೀ-ಶರ್ಟಿನವನ ಕಾಲು ಮೇಜಿನ ಕೆಳಗೆಲ್ಲೋ ಇದ್ದವು. ಮೈಕಣ್ಣ ಫ್ಯಾನ್ ನಿಲ್ಲಿಸಿ, ಕಂಬಳಿ ಎಳೆದು ಓದಿದ. ಎರಡೂ ಗುಟುಕು ಹೇಳಿದ ಜಾಗದಲ್ಲೇ ಬಿದ್ದವು.

ಗಿರಾಕಿ ಹೋದ ಮೇಲೆ ಹೆಂಡತಿ ಕಂಬಳಿ ಸರಿಸಿ ತಲೆ ಒಳಗೆ ಹಾಕಿದಳು. "ರೀ, ಮುಂದಿನ ವಾರ ಅಂದ್ರೆ ಯಾವ ವಾರದ ಮುಂದಿನ ವಾರ?"

"ಅದು ಅವರಿಗೆ ಬಿಟ್ಟಿದ್ದು. ವಾರ ಅವರದು, ಸ್ವರ ನಮ್ಮದು."

"ಹಾಂ. ನಾಳೆ ಅಪಸ್ವರ ಬಂದಾಗ್ಲೂ ಹೀಗೇ ಪಾಲು ಮಾಡ್ಕೊಳ್ಳಿ" ಎಂದು ಅವಳು ಕಂಬಳಿ ಬಿಟ್ಟಳು.

ಅಪಸ್ವರ ಬರಲಿಲ್ಲ, ಅಕ್ಕ ಬಂದಳು. ಕೆಲವು ದಿನ ಕಳೆದು ಒಂದು ಸಂಜೆ, ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು, ತಮ್ಮನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮುಖದಲ್ಲಿ ಅಪರೂಪದ ಹಿಗ್ಗು.

"ಇವತ್ತು ನಿನ್ನ ದನಿ ಬೆಳಿಗ್ಗೆಯಿಂದ ನನ್ನ ಕಿಟಕಿ ಮುಂದೇನೇ ಇತ್ತು ಕಣೋ. ಆ ಮಗು ಗಾಡಿ. ಚಕ್ರದ ಮೇಲೆ ಸ್ಪೀಕರ್ ಪೆಟ್ಟಿಗೆ ತಂದು ನಿಲ್ಲಿಸ್ಕೊಂಡಿದ್ರು."

"ಹೌದಾ? ನೀನೇನು ಮಾಡ್ದೆ?"

"ಮೊದಲು ನಾನೂ ನಂಬಲಿಲ್ಲ ಅನ್ನು. ಡಬ್ಬಿ ಹಿಡ್ಕೊಂಡು ನಿಂತಿದ್ದೋರ ಕಾಲು ನೋಡ್ದೆ, ಸರಿ ಬರ್ಲಿಲ್ಲ. ಮಾತಾಡ್ತಿರೋದು ಪೆಟ್ಟಿಗೆ, ಪೆಟ್ಟಿಗೆಗೆ ಕಾಲೆಲ್ಲಿದೆ, ನೋಡೋಣ ಅಂದ್ರೆ? ಆದ್ರೆ ಕೇಳ್ತಾ ಕೇಳ್ತಾ ಇದ್ದೆ. ಅಮ್ಮ ಹೋದ ದಿನ ನೀನು ಬಾಯಿಬಿಟ್ಟು ಅಳ್ಲಿಲ್ಲ. ಬಾಗಿಲ ಸಂದೀಲಿ ನಿಂತ್ಕೊಂಡು ನುಂಗ್ತಿದ್ದೆ. ಮಾತು ಅರ್ಧ ಬರೋದು, ಒಂದು ಗುಟುಕು, ಆಮೇಲೆ ಇನ್ನರ್ಧ. ಅದೇ ಕಣೋ, ಪೆಟ್ಟಿಗೆ ಒಳಗೆ. ಅದೇ ಗುಟುಕು. ಊರಿಗೆಲ್ಲ ಗೊತ್ತಿಲ್ಲದೆ ಇರಬಹುದು, ನನಗೆ ಗೊತ್ತಾಗಲ್ವಾ? ನನ್ನ ತಮ್ಮ ಇಷ್ಟು ಮರುಗಿದ್ದಾನೆ ಅಂದ್ರೆ ಆ ಮಗುನ ಕಣ್ಣಾರೆ ನೋಡಿ ಬಂದಿದ್ದಾನೆ ಅಂತ ಅರ್ಥ ಆಯ್ತು. ಡಬ್ಬಿ ತಂದು ಸುರಿದುಬಿಟ್ಟೆ."

"ಯಾವ ಡಬ್ಬಿ?"

"ಇನ್ಯಾವ್ದು? ಹಲ್ಲಿನ ಡಬ್ಬಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಮುಖ ನೋಡಿದಳು. ಹೇಳುವುದಿದ್ದರೆ ಅದೇ ಗಳಿಗೆ. ಆದರೆ ಜೀವಮಾನವಿಡೀ ಅಪರಿಚಿತರ ಕಾಲು ಅಳೆದವಳು, ಒಮ್ಮೆ ಮಾತ್ರ ಅಳತೆಪಟ್ಟಿ ಬಿಸಾಡಿ ಕೊಟ್ಟು ಬಂದಿದ್ದಳು, ಅದೂ ತಮ್ಮನ ದನಿಯೆಂದು. ಆ ಹಿಗ್ಗಿನ ಮುಖಕ್ಕೆ ಏನು ಹೇಳುವುದು? ಮೈಕಣ್ಣ, "ಒಳ್ಳೇದಾಯ್ತು ಬಿಡಕ್ಕ" ಎಂದ.

"ಗಂಡೋ ಹೆಣ್ಣೋ?"

ಫೋಟೋದಲ್ಲಿ ಕಂಡದ್ದು ಬ್ಯಾಂಡೇಜು ಮಾತ್ರ. "ಹೆಣ್ಣು" ಎಂದ.

ಹೀಗೆ, ಮಕ್ಕಳಿಲ್ಲದ ಆ ಮನೆಯ ಮೆಟ್ಟಿಲ ಮೇಲೆ, ಬೇನೆಯಿಲ್ಲದೆ ಸೂಲಗಿತ್ತಿಯಿಲ್ಲದೆ, ಒಂದು ಹೆಣ್ಣು ಮಗು ಹುಟ್ಟಿತು.

ಹುಟ್ಟಿದ ಮೇಲೆ ಸಾಕಬೇಕಲ್ಲ. ಅಕ್ಕ ಬಂದಾಗಲೆಲ್ಲ ಮೊದಲ ಪ್ರಶ್ನೆ ಮಗುವಿನದೇ. ಆಪರೇಷನ್ ಆಯಿತು ಎಂದ. ಎಚ್ಚರವಾಯಿತು ಎಂದ. ಎದ್ದು ಕೂತಿತು, ನಕ್ಕಿತು, ಹಾಲು ಕುಡಿಯಿತು. ಪ್ರಕಟಣೆಯವನ ನಾಲಿಗೆ, ಒಂದು ಸಾಲು ಕೊಟ್ಟರೆ ಪುಟ ಓದುತ್ತದೆ. ಅಕ್ಕ ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದು ದಿನ ಹಳೆಯ ಪರದೆಯ ಉಳಿದ ಬಟ್ಟೆಯಲ್ಲಿ ಪುಟ್ಟ ಫ್ರಾಕೊಂದನ್ನು ಹೊಲಿದು, ನೆರಿಗೆ ನೆರಿಗೆಗೂ ಇಸ್ತ್ರಿ ಹಾಕಿ, ಮಡಚದೆ ತೋಳಿನ ಮೇಲೆ ಹಾಕಿಕೊಂಡು ತಂದಳು.

"ನೀನು ಹೋದಾಗ ಕೊಡು. ಅಳತೆ ಅಂದಾಜಿಗೆ ಹೊಲಿದಿದ್ದೀನಿ."

ಮುಂದಿನ ಸಲ ಬಂದಾಗ, "ಸರಿಯಾಯ್ತೇನೋ?" ಎಂದಳು.

"ಆಯ್ತು. ಚೂರು ಉದ್ದ. ಬೆಳೆಯೋ ಮಗು ಅಲ್ವಾ, ನಡೆಯುತ್ತೆ."

ಫ್ರಾಕು ಮೊಟ್ಟೆಯ ಟ್ರೇಗಳ ಹಿಂದೆ ಇತ್ತು. ಮೈಕಣ್ಣ ಹಲ್ಲಿನ ಖರ್ಚು ತಾನು ಕೊಡುತ್ತೇನೆಂದು ಗೋಗರೆದರೆ ಅಕ್ಕ ಕೇಳಲಿಲ್ಲ. "ಅಷ್ಟು ದುಡ್ಡಿದ್ರೆ ಅದನ್ನೂ ಮಗು ಔಷಧಿಗೆ ಕೊಡು. ನನ್ನ ಹಲ್ಲು ಎಲ್ಲಿಗೆ ಹೋಗುತ್ತೆ?"

"ಆಗಲೇ ಹೋಗಿದೆಯಲ್ಲಕ್ಕ."

"ಹೋಗಿರೋದು ಇನ್ನೆಲ್ಲಿಗೆ ಹೋಗುತ್ತೆ?"

ರಾತ್ರಿ ಹೆಂಡತಿ ಪಾತ್ರೆ ತೊಳೆಯುತ್ತ, "ನಿಜ ಹೇಳ್ಬಿಡಿ" ಎಂದಳು.

"ಹೇಗೆ ಹೇಳ್ಲಿ?"

"ಬಾಯಲ್ಲಿ."

"ನಿನಗೇನು, ಸುಲಭ."

"ನನಗೇನು ಸುಲಭ? ನನ್ನ ದನಿ ಯಾರೂ ದುಡ್ಡು ಕೊಟ್ಟು ಕೊಂಡ್ಕೊಂಡಿಲ್ಲ ನೋಡಿ, ಇನ್ನೂ ನನ್ನ ಹತ್ರಾನೇ ಇದೆ" ಎಂದು ಅವಳು ನಲ್ಲಿ ನಿಲ್ಲಿಸಿ ಒಳಗೆ ಹೋದಳು.

ಮೈಕಣ್ಣನ ನಿದ್ದೆ ಕೆಡಿಸಿದ್ದು ಊರಿನವರ ದುಡ್ಡಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಗಾಡಿ ಇನ್ನೂ ಊರು ಸುತ್ತುತ್ತಿತ್ತು. ಪೆಟ್ಟಿಗೆಯೊಳಗೆ ಆಪರೇಷನ್ ಇನ್ನೂ ಮುಂದಿನ ವಾರವೇ ಇತ್ತು. ಮೆಟ್ಟಿಲ ಮೇಲಿನ ಮಗು ಮಾತ್ರ ಆಗಲೇ ಗೋಡೆ ಹಿಡಿದು ನಡೆಯುತ್ತಿತ್ತು. ಯಾವತ್ತೋ ಒಂದು ದಿನ ಗಾಡಿ ಮತ್ತೆ ಅಕ್ಕನ ಕಿಟಕಿಯ ಮುಂದೆ ನಿಲ್ಲುತ್ತದೆ. ಆ ದಿನ ತನ್ನ ಎರಡು ದನಿಗಳೂ ಅವಳ ಮುಂದೆ ಡಿಕ್ಕಿ ಹೊಡೆಯುತ್ತವೆ. ಅಷ್ಟರೊಳಗೆ ಪೆಟ್ಟಿಗೆಯ ಬಾಯಿ ಮುಚ್ಚಿಸಬೇಕು. ಅದೊಂದಾದರೆ ಮಗುವನ್ನು ಎಲ್ಲಿಗಾದರೂ ದೂರದ ಊರಿಗೆ ಕಳಿಸಿ, ಅಕ್ಕನಿಗೆ ಹೇಗಾದರೂ ಹಲ್ಲು ಕಟ್ಟಿಸಿ, ಹಳೆಯ ಹಾಗೆ ಇರಬಹುದು.

ಗಾಡಿ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಎದುರು. ಚಕ್ರದ ಮೇಲೆ ಸ್ಪೀಕರ್ ಪೆಟ್ಟಿಗೆ, ಅದಕ್ಕೆ ಕಟ್ಟಿದ ಬ್ಯಾನರಿನಲ್ಲಿ ಬ್ಯಾಂಡೇಜಿನ ಮಗು, ಅಕ್ಕಪಕ್ಕ ಡಬ್ಬಿ ಹಿಡಿದ ಇಬ್ಬರು ಹೆಂಗಸರು. ಟೀ-ಶರ್ಟಿನವನು ಸ್ವಲ್ಪ ದೂರದಲ್ಲಿ ನೆರಳು ನೋಡಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಪೆಟ್ಟಿಗೆ ತನ್ನ ಪಾಡಿಗೆ ಮೈಕಣ್ಣನ ದನಿಯಲ್ಲಿ ಮರುಗುತ್ತಿತ್ತು.

"ಓಹ್, ಸಾರ್! ಬನ್ನಿ ಬನ್ನಿ" ಎಂದು ಅವನು ಸಿಪ್ಪೆ ಬಿಸಾಡಿ ಎದ್ದ. "ನಿಮ್ಮ ದನಿ ಬಂಗಾರ ಸಾರ್. ಬೇರೆ ಒಬ್ಬನ ಕೈಲಿ ಓದಿಸಿ ನೋಡಿದ್ವಿ, ಡಬ್ಬಿ ಅಲುಗಲೇ ಇಲ್ಲ."

"ಆ ಮಗು ಎಲ್ಲಿದೆ?"

"ಯಾವ ಮಗು?"

"ಇದು. ಫೋಟೋದ್ದು."

"ಅದಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾದಂತಿತ್ತು. "ಅದು ಫೋನಲ್ಲಿ ಸಿಕ್ಕಿದ್ದು ಸಾರ್."

"ನನ್ನ ದನಿ ತೆಗೀರಿ. ಈಗಲೇ."

"ಹೇಗೆ ತೆಗೆಯೋದು? ದುಡ್ಡು ಕೊಟ್ಟಿದ್ದೀವಿ, ನೀವು ತಗೊಂಡಿದ್ದೀರಿ. ಗುಟುಕಿಗೆ ಬೇರೆ ತಗೊಂಡಿದ್ದೀರಿ. ದರ್ಜಿ ಹೊಲಿದ ಅಂಗಿ ಹಾಕ್ಕೊಂಡು ಕಳ್ಳ ಕಳ್ಳತನಕ್ಕೆ ಹೋದ್ರೆ, ದರ್ಜಿ ಬಂದು ಅಂಗಿ ಬಿಚ್ಚು ಅಂತಾನಾ?"

ಕಳ್ಳನ ಬಾಯಿಂದ ಇಷ್ಟು ಒಳ್ಳೆಯ ಉಪಮೆ ಬಂದದ್ದೇ ಮೈಕಣ್ಣನಿಗೆ ತಡೆಯಲಾಗಲಿಲ್ಲವೋ ಏನೋ. ಪೆಟ್ಟಿಗೆಯ ಪಕ್ಕ ನೇತು ಹಾಕಿದ್ದ ಮೈಕನ್ನು ಕಿತ್ತು, ಗುಂಡಿ ಒತ್ತಿದ. ಒಳಗಿನ ಮೈಕಣ್ಣ ನಿಂತ. ಹೊರಗಿನವನು ಶುರು ಮಾಡಿದ.

"ಕೇಳಿ ಎಲ್ಲರೂ. ಈಗ ಕೇಳ್ತಿದ್ರಲ್ಲ, ಆ ದನಿ ನನ್ನದು. ಅದು ಸುಳ್ಳು. ದುಡ್ಡು ತಗೊಂಡು ಓದಿದ್ದು. ಈ ಮಗು ಯಾರೋ ಏನೋ ಇವರಿಗೇ ಗೊತ್ತಿಲ್ಲ. ಯಾರೂ ಒಂದು ಕಾಸೂ ಹಾಕ್ಬೇಡಿ. ನನ್ನ ಸ್ವಂತ ಅಕ್ಕ ತನ್ನ ಹಲ್ಲಿಗೆ ಇಟ್ಟಿದ್ದ ದುಡ್ಡು..."

ಅಲ್ಲಿ ಗಂಟಲು ನುಂಗಿತು. ಪೆಪ್ಪರ್‌ಮಿಂಟು ಇರಲಿಲ್ಲ, ಗಿರಾಕಿ ಇರಲಿಲ್ಲ, ಅವನು ಬೇಕೆಂದು ನುಂಗಿದ್ದೂ ಅಲ್ಲ. ಆದರೆ ಆ ಪೆಟ್ಟಿಗೆಯಿಂದ ಹೊರಬಂದದ್ದು ಊರಿಗೆಲ್ಲ ಪರಿಚಯವಾಗಿದ್ದ ಅದೇ ಗುಟುಕು. ಬಸ್ಸಿನ ಹಾರ್ನು, ಕಂಡಕ್ಟರನ ಸೀಟಿ, ಹಣ್ಣಿನವರ ಕೂಗು, ಇವುಗಳ ನಡುವೆ ಮಾತು ಯಾರಿಗೆ ತಲುಪಬೇಕು? ತಲುಪಿದ್ದು ದನಿ. ಚೀಲ ಹೊತ್ತ ಹೆಂಗಸೊಬ್ಬಳು ನಿಂತು ಪರ್ಸು ತೆರೆದಳು. ಬಸ್ಸಿನ ಕಿಟಕಿಯಿಂದ ಒಂದು ಕೈ ನೋಟು ಚಾಚಿತು. "ಹಾಕ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಹಾಕ್ಬೇಡಿ!" ಎಂದು ಅವನು ಕೂಗಿದಷ್ಟೂ ದನಿ ಒಡೆಯಿತು; ಒಡೆದಷ್ಟೂ ಡಬ್ಬಿ ತುಂಬಿತು. ವಯಸ್ಸಾದವರೊಬ್ಬರು ಬೆನ್ನು ತಟ್ಟಿ, "ಧೈರ್ಯ ತಂದ್ಕೊಳ್ಳಿ. ಮಕ್ಕಳ ವಿಷಯ, ನನಗೂ ಅರ್ಥ ಆಗುತ್ತೆ" ಎಂದು ಅವನ ಅಂಗಿಯ ಜೇಬಿಗೇ ಒಂದು ನೋಟು ತುರುಕಿ ಬಸ್ ಹತ್ತಿದರು.

ಟೀ-ಶರ್ಟಿನವನು ಮೈಕನ್ನು ಕಿತ್ತುಕೊಳ್ಳಲು ಬರಲಿಲ್ಲ. ಕೈಕಟ್ಟಿ ನಿಂತು ನೋಡುತ್ತಿದ್ದವನು, ಕೊನೆಗೆ ಹತ್ತಿರ ಬಂದು ನಿಜವಾದ ಗೌರವದಿಂದ, "ಛೆ ಸಾರ್, ಇದನ್ನ ರೆಕಾರ್ಡ್ ಮಾಡ್ಕೋಬೇಕಿತ್ತು" ಎಂದ.

ಆ ಇಡೀ ಬಸ್‌ಸ್ಟ್ಯಾಂಡಿನಲ್ಲಿ ಮಾತು ಕೇಳಿಸಿಕೊಂಡವರು ಒಬ್ಬರೇ. ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿಗೆ ಇಸ್ತ್ರಿಯ ದಿಂಬುಗವಸು ಕೊಡಲು ಬಂದಿದ್ದ ಅಕ್ಕ, ಗಂಟನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು. ತಮ್ಮನ ದನಿ ಎಂದು ನಿಂತವಳು, ತಮ್ಮನ ಮಾತು ಪೂರ್ತಿ ಕೇಳಿದ್ದಳು.

ಮೈಕಣ್ಣ ಅವಳನ್ನು ನೋಡಿ ಮೈಕು ಕೈಬಿಟ್ಟ. ಅದು ಪೆಟ್ಟಿಗೆಗೆ ಬಡಿದು ಕೀಂ ಎಂದಿತು.

"ಆಪರೇಷನ್ ಆಯ್ತು ಅಂದಿದ್ದೆ" ಎಂದಳು ಅಕ್ಕ.

"ಅಕ್ಕಾ, ಅದು..."

"ಎದ್ದು ಕೂತಿದೆ ಅಂದೆ. ನಕ್ಕಿತು ಅಂದೆ. ಇರ್ಲಿ ಬಿಡು. ಫ್ರಾಕು ಚೂರು ಉದ್ದ ಅಂದ್ಯಲ್ಲೋ! ಸರಿ ಆಯ್ತು ಅಂದಿದ್ರೆ ಸಾಲ್ತಿರ್ಲಿಲ್ವಾ? ಉದ್ದ ಅಂತ ಬೇರೆ ಹೇಳ್ದೆ. ನಾನು ಮನೆಗೆ ಹೋಗಿ, ಇನ್ನೊಂದು ಹೊಲಿಯೋವಾಗ ಎಷ್ಟು ಚಿಕ್ಕದು ಮಾಡ್ಬೇಕು ಅಂತ ಲೆಕ್ಕ ಹಾಕ್ತಿದ್ದೆ."

ಮೈಕಣ್ಣನ ಬಾಯಿ ತೆರೆಯಿತು. ಅರ್ಧ ಮಾತು ಬಂತು, ಗಂಟಲು ನುಂಗಿತು.

"ನುಂಗ್ಬೇಡ" ಎಂದಳು ಅಕ್ಕ. "ನುಂಗಿದ್ದು ಸಾಕು."

"ಇದು ನಿಜವಾದ್ದು ಅಕ್ಕ. ಇದು ಅದಲ್ಲ. ನಿನ್ನಾಣೆ."

ಅವಳು ಅವನ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಅವನ ಕಾಲು ನೋಡಿದಳು. ಅವನೂ ನೋಡಿಕೊಂಡ. ಒಂದು ಪಾದ ಅವಳ ಕಡೆಗಿತ್ತು. ಇನ್ನೊಂದು, ಯಾವಾಗಲೋ, ಲಾಡ್ಜಿನ ಪಕ್ಕದ ಸಂದಿಯ ಕಡೆಗೆ ತಿರುಗಿತ್ತು. ಅವನು ಅದನ್ನು ಸರಕ್ಕನೆ ಎಳೆದು ನೆಟ್ಟಗೆ ಮಾಡಿದ. ಅದು ಇನ್ನೂ ಕೆಟ್ಟದಾಗಿ ಕಂಡಿತು.

"ಇರಬಹುದು, ನಿಜಾನೇ ಇರಬಹುದು" ಎಂದಳು ಅಕ್ಕ. ದನಿಯಲ್ಲಿ ಕೋಪವಿರಲಿಲ್ಲ, ಕಲೆ ಹೋಗುತ್ತದೋ ಇಲ್ಲವೋ ಎಂದು ಬಟ್ಟೆ ತಿರುಗಿಸಿ ನೋಡುವವಳ ದನಿ. "ನನಗೆ ಗೊತ್ತಾಗ್ತಿಲ್ಲ ಕಣೋ. ಮೊದಲು ಗೊತ್ತಾಗ್ತಿತ್ತು." ಗಂಟನ್ನು ಮೇಲಕ್ಕೆ ಸರಿಸಿಕೊಂಡು, ದಿಂಬುಗವಸು ಕಾಯುತ್ತಿದ್ದವರ ಕಡೆಗೆ ನಡೆದಳು.

ಮೈಕಣ್ಣ ಪೊಲೀಸ್ ಸ್ಟೇಷನ್ನಿಗೂ ಹೋದ. ಅಲ್ಲಿದ್ದವರು ಎಲ್ಲ ಕೇಳಿ, "ದನಿ ನಿಮ್ಮದು ಅಂತ ನೀವೇ ಹೇಳ್ತಿದ್ದೀರಿ. ದುಡ್ಡು ತಗೊಂಡೆ ಅಂತಾನೂ ಹೇಳ್ತಿದ್ದೀರಿ. ಸದ್ಯಕ್ಕೆ ನಮ್ಮ ಕೈಗೆ ಸಿಕ್ಕಿರೋ ಕಳ್ಳ ನೀವೊಬ್ರೇ, ಬರ್ಕೊಳ್ಳೋಣ್ವಾ?" ಎಂದರು. ಅವನು ಬರಿಗೈಯಲ್ಲಿ ಬಂದ. ಜೇಬಿನಲ್ಲಿ ಆ ಹಿರಿಯರು ತುರುಕಿದ ನೋಟು ಇತ್ತು; ಯಾರಿಗೆ ಹಿಂದಿರುಗಿಸುವುದೆಂದು ತಿಳಿಯದೆ ಅದನ್ನು ಫ್ರಾಕಿನ ಮೇಲಿಟ್ಟ. ಟೀ-ಶರ್ಟಿನವನು ಜಾಣ, ಆ ವಾರ ಮುಗಿಯುವುದರೊಳಗೆ ಗಾಡಿ ಬೇರೆ ಊರಿಗೆ ಹೋಯಿತು. ಆ ಕಡೆಯಿಂದ ಬಂದ ಪರಿಚಿತರು ಈಗಲೂ ಹೇಳುತ್ತಾರೆ: "ನಿಮ್ಮ ದನಿ ಕೇಳಿದ್ವಿ. ಪಾಪ, ಆ ಮಗುಗೆ ಮುಂದಿನ ವಾರ ಆಪರೇಷನ್ ಅಂತೆ."

ಅವನು ಗುಟುಕು ಬಿಟ್ಟ. ಸಹಾಯದ ಡಬ್ಬಿಯವರು ಬಂದರೆ ಕಂಬಳಿ ಎಳೆದುಬಿಡುತ್ತಾನೆ. ಕಾಣೆಯಾದವರ ಪ್ರಕಟಣೆಯನ್ನು ಸಪಾಟಾಗಿ ಓದುತ್ತಾನೆ; ನೊಂದ ಮನೆಯವರು "ಸ್ವಲ್ಪ ಮನಸ್ಸಿಟ್ಟು ಓದಿ ಸಾರ್" ಎಂದು ಬೇಸರ ಮಾಡಿಕೊಂಡು ಹೋಗುತ್ತಾರೆ. ಅಕ್ಕ ಮೊದಲಿನಂತೆ ಆ ಮೆಟ್ಟಿಲ ಮೇಲೆ ಬಂದು ಕೂರಲಿಲ್ಲ. ಜಗಳವೇನೂ ಇಲ್ಲ. ಅವನು ಅಂಗಡಿಗೆ ಹೋದರೆ ಚಹಾ ತರಿಸುತ್ತಾಳೆ, ಇಸ್ತ್ರಿ ಹಾಕುತ್ತಲೇ ಮಾತಾಡುತ್ತಾಳೆ. ಆದರೆ ಅವನು "ಇವತ್ತು ಬಿಸಿಲು ಜೋರು" ಎಂದರೂ ಕಿಟಕಿಯಾಚೆ ಒಮ್ಮೆ ಬಗ್ಗಿ ನೋಡುತ್ತಾಳೆ.

ಕೊನೆಗೆ ಅವನು ಹಳೆಯ ಆಂಪ್ಲಿಫೈಯರ್ ಮಾರಿ, ದಂತವೈದ್ಯರಿಗೆ ಪೂರ್ತಿ ದುಡ್ಡು ಕಟ್ಟಿ ಬಂದ. ಮನೆಗೆ ಬಂದವನೇ ಫೋನ್ ಮಾಡಿದ.

"ಅಕ್ಕಾ, ನಿನ್ನ ಹಲ್ಲಿಗೆ ಎಲ್ಲ ಮಾತಾಡಿದ್ದೀನಿ, ದುಡ್ಡೂ ಕಟ್ಟಿಯಾಯ್ತು. ಮುಂದಿನ ವಾರ ಅಳತೆಗೆ ಬರ್ಬೇಕಂತೆ."

ಹೇಳಿದ ಮೇಲೆ ತನ್ನ ಕಿವಿಗೇ ಬಡಿಯಿತು, ಮುಂದಿನ ವಾರ. ಆ ಕಡೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ ಸದ್ದು ಕೇಳಿಸಿತು.

"ಹೆಂಡ್ತಿ ಇದ್ದಾಳಾ?" ಎಂದಳು ಅಕ್ಕ. "ಅವಳ ಕೈಗೆ ಫೋನ್ ಕೊಡು."

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಅದೇ ಮಾತುಗಳನ್ನು, ಅದೇ ಕ್ರಮದಲ್ಲಿ, ತನ್ನ ಒಡಕು ದನಿಯಲ್ಲಿ ಹೇಳಿದಳು: "ಹೌದು ಅತ್ತಿಗೆ. ಕಟ್ಟಿದ್ದಾರೆ. ಹೂಂ, ಮುಂದಿನ ವಾರಾನೇ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಏನಂತೆ?" ಎಂದ ಮೈಕಣ್ಣ.

"ಬರ್ತಾರಂತೆ."

"ಇನ್ನೂ ನನ್ನ ಮೇಲೆ ಕೋಪಾನಾ, ಕೇಳು."

ಅವಳು ಕೇಳಿದಳು. ಸ್ವಲ್ಪ ಹೊತ್ತು ಫೋನನ್ನು ಕಿವಿಗೊತ್ತಿಕೊಂಡು ನಿಂತಳು. ಆಮೇಲೆ, ಅವನ ಮುಖ ನೋಡದೆ ಹೇಳಿದಳು:

"ಕೋಪ ಏನಿಲ್ವಂತೆ. ನಿಮ್ಮ ದನಿ ಮೊದಲಿಂದಾನೂ ತುಂಬ ಚೆನ್ನಾಗಿದೆಯಂತೆ. ಅದಕ್ಕೇ ಫೋನು ನನ್ನ ಕೈಗೆ ಕೊಡೋಕೆ ಹೇಳಿದ್ದಂತೆ."